ನಾಲ್ಕು ಸೆಕೆಂಡು ಕಡಿಮೆ

ತೂಕ ಮತ್ತು ಅಳತೆ ಇಲಾಖೆಯ ನಮ್ಮ ಇನ್‌ಸ್ಪೆಕ್ಟರನ್ನು ಊರಿನ ವ್ಯಾಪಾರಿಗಳು ಎದುರಿಗೆ ‘ಸಾರ್’ ಎಂದೂ ಬೆನ್ನ ಹಿಂದೆ ‘ಗುಲಗಂಜಿ’ ಎಂದೂ ಕರೆಯುತ್ತಿದ್ದರು. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಅವರು ಬಿಡುತ್ತಿರಲಿಲ್ಲ. ತಪಾಸಣೆಗೆ ಹೋದ ಅಂಗಡಿಯಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲ. ಮನೆಯ ಬಾಟಲಿ ಚೀಲದಲ್ಲೇ ಇರುತ್ತಿತ್ತು. ಒಮ್ಮೆ ಬಟ್ಟೆ ಅಂಗಡಿಯವರು ಸೆಕೆ ಎಂದು ಫ್ಯಾನನ್ನು ಇವರ ಕಡೆಗೆ ತಿರುಗಿಸಿದರು. ಇವರು ಅದನ್ನು ಆಮಿಷವೆಂದು ಪರಿಗಣಿಸಿ, ಕುರ್ಚಿಯನ್ನು ಗಾಳಿ ತಾಗದ ಮೂಲೆಗೆ ಎಳೆದುಕೊಂಡು ಕೂತು, ಬೆವರು ಒರೆಸಿಕೊಳ್ಳುತ್ತಾ ಗಜಕಡ್ಡಿ ಅಳೆದರು.

ಅಂಥವರ ಫೋನಿನಲ್ಲಿ ಸಾವಿರದ ನಾನೂರು ಹಾಡುಗಳಿದ್ದವು. ಒಂದಕ್ಕೂ ಅವರು ಬಿಡಿಗಾಸು ಕೊಟ್ಟಿರಲಿಲ್ಲ.

ನಾನು ಅದೇ ಕಚೇರಿಯ ಆವಕ ಗುಮಾಸ್ತ. ಬಂದ ಕಾಗದಗಳಿಗೆಲ್ಲ ನಂಬರು ಕೊಟ್ಟು ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಅವರ ಮೇಜೂ ನನ್ನ ಮೇಜೂ ಅಂಟಿಕೊಂಡೇ ಇದ್ದುದರಿಂದ ಹಾಡುಗಳು ಇಳಿಯುವುದನ್ನು ದಿನವೂ ನೋಡುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ಸಾರ್, ಇದು ಕಳ್ಳತನ ಆಗಲ್ವಾ?”

ಅವರಿಗೆ ಕೋಪ ಬರಲಿಲ್ಲ. ಉತ್ತರ ಸಿದ್ಧವಾಗಿ ಇಟ್ಟುಕೊಂಡವರಿಗೆ ಕೋಪ ಬರುವುದಿಲ್ಲ.

“ಕಳ್ಳತನ ಅಂದ್ರೇನ್ರೀ? ಒಂದು ತಟ್ಟೆ ಇಳೀಬೇಕು, ಇನ್ನೊಂದು ಏರಬೇಕು. ನಿಮ್ಮ ಪೆನ್ನು ನಾನು ತಗೊಂಡ್ರೆ ನಿಮ್ಮ ಹತ್ರ ಪೆನ್ನಿಲ್ಲ. ಹಾಡು ಹಾಗಲ್ಲ. ನಾನು ತಗೊಂಡ ಮೇಲೂ ಅಲ್ಲಿದ್ದದ್ದು ಅಲ್ಲೇ ಇದೆ. ಯಾರಿಗೆ ಏನು ಕಡಿಮೆಯಾಯ್ತು?”

ಅಷ್ಟಕ್ಕೇ ಬಿಡುವ ಮನುಷ್ಯರಲ್ಲ. ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಚಿನ್ನದಂಗಡಿಗಳ ತೂಕದ ಬಟ್ಟುಗಳನ್ನು ಪರೀಕ್ಷಿಸಲು ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇದೆ. ಹತ್ತಿರ ನಿಂತು ಉಸಿರು ಬಿಟ್ಟರೂ ಅದರ ಅಂಕಿ ಅಲುಗುತ್ತದೆ. ಇನ್‌ಸ್ಪೆಕ್ಟರು ಫೋನನ್ನು ಅದರಲ್ಲಿಟ್ಟು ತೂಗಿದರು, ತೆಗೆದು ಒಂದು ಹಾಡು ಇಳಿಸಿಕೊಂಡರು, ಮತ್ತೆ ಇಟ್ಟು ತೂಗಿದರು.

“ನೂರ ಎಂಬತ್ತಾರು ಗ್ರಾಂ, ನಾನೂರ ಹತ್ತು ಮಿಲಿಗ್ರಾಂ. ಮೊದಲೂ ಅಷ್ಟೇ, ಈಗಲೂ ಅಷ್ಟೇ. ಇಲ್ಲಿಗೆ ಏನೂ ಬಂದಿಲ್ಲ ಅಂದ್ಮೇಲೆ ಅಲ್ಲಿಂದ ಏನು ಹೋಯ್ತು?”

ಸರ್ಕಾರಿ ತಕ್ಕಡಿಯೇ ಹೇಳಿದ ಮೇಲೆ ಗುಮಾಸ್ತನೊಬ್ಬ ಏನು ಹೇಳಿಯಾನು. ನಾನೂ ನಲವತ್ತು ಹಾಡು ಹಾಕಿಸಿಕೊಂಡೆ.

ಈ ಹಾಡುಗಳ ವಿಷಯದಲ್ಲಿ ಅವರಿಗೆ ಒಂದೇ ಒಂದು ಅಸಮಾಧಾನವಿತ್ತು. ಪುಕ್ಕಟೆ ಸಿಗುವ ಕಡೆಯಿಂದ ಬಂದ ಕೆಲವು ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಒಬ್ಬಳು ಹೆಂಗಸು, ಈ ಹಾಡನ್ನು ನಿಮಗೆ ತಲುಪಿಸಿದವರು ಇಂಥವರು ಎಂದು ತಮ್ಮ ಜಾಲತಾಣದ ಹೆಸರು ಹೇಳಿ ಹೋಗುತ್ತಿದ್ದಳು. ಇನ್‌ಸ್ಪೆಕ್ಟರ ಕಣ್ಣಿಗೆ ಅದು ಅಕ್ಕಿಯಲ್ಲಿ ಕಲ್ಲು, ಶುದ್ಧ ಕಲಬೆರಕೆ. ಭಾನುವಾರಗಳಲ್ಲಿ ಕೂತು, ಕತ್ತರಿಸುವ ಆ್ಯಪೊಂದನ್ನು ಕಲಿತು, ಆ ಹೆಂಗಸು ಮಾತಾಡಿದಷ್ಟನ್ನೂ ತೆಗೆದು ತುದಿಗೆ ತುದಿ ಜೋಡಿಸಿದರು. ಹೀಗೆ ಹಸನು ಮಾಡಿದ ಹಾಡುಗಳನ್ನು ಪೆನ್‌ಡ್ರೈವುಗಳಿಗೆ ತುಂಬಿ ನಿವೃತ್ತರಾದವರಿಗೆ, ವರ್ಗವಾಗಿ ಹೋಗುವವರಿಗೆ, ಕಾಯಿಲೆಯಿಂದ ಎದ್ದವರಿಗೆ ಕೊಡುತ್ತಿದ್ದರು. ಪೆನ್‌ಡ್ರೈವಿನ ಮೇಲೆ ತಮ್ಮ ಕೈಯಾರೆ ‘ಶುದ್ಧ’ ಎಂದು ಬರೆದ ಚೀಟಿ ಅಂಟಿಸುತ್ತಿದ್ದರು. ಒಟ್ಟು ಅರವತ್ಮೂರು ಮಂದಿಗೆ ಹೀಗೆ ಕೊಟ್ಟಿದ್ದರು. ಆ ಅರವತ್ಮೂರು ಮಂದಿ ಎಷ್ಟು ಜನಕ್ಕೆ ಕೊಟ್ಟರೋ ಗೊತ್ತಿಲ್ಲ. ಊರಿನಲ್ಲಿ ಯಾವ ಕಿಟಕಿಯಿಂದ ಹಾಡು ಕೇಳಿದರೂ ಅದು ನಮ್ಮ ಇಲಾಖೆಯಿಂದ ಹೊರಟ ಹಾಡೇ ಆಗಿರುವ ಸಂಭವವಿತ್ತು.

ಅವುಗಳಲ್ಲಿ ಒಂದು ಹಾಡು ಎಲ್ಲರಿಗೂ ಅಚ್ಚುಮೆಚ್ಚು. ಒಂಬತ್ತೇ ದಿನ ಓಡಿದ ಯಾವುದೋ ಹಳೆಯ ಸಿನಿಮಾದ್ದು. ಸಿನಿಮಾ ಯಾರಿಗೂ ನೆನಪಿಲ್ಲ, ಹಾಡು ಎಲ್ಲರ ಬಾಯಲ್ಲೂ ಇತ್ತು.

ಈಗ ಮಾರುಕಟ್ಟೆ ರಸ್ತೆಯ ದಿನಸಿ ಅಂಗಡಿಯವರ ವಿಷಯಕ್ಕೆ ಬರಬೇಕು. ತೆಳ್ಳಗಿನ, ಮೆಲುಮಾತಿನ, ಅರವತ್ತು ದಾಟಿದ ಮನುಷ್ಯ. ಹರೆಯದಲ್ಲಿ ಸಿನಿಮಾ ಹಾಡುಗಳಿಗೆ ಕೊಳಲು ನುಡಿಸುವ ಆಸೆಯಿಂದ ದೊಡ್ಡ ಊರಿಗೆ ಹೋಗಿ, ಎರಡು ವರ್ಷ ಸ್ಟುಡಿಯೋ ಬಾಗಿಲಲ್ಲಿ ಕಾದು, ಒಂದೇ ಒಂದು ಹಾಡಿಗೆ ನುಡಿಸಿ ವಾಪಸು ಬಂದವರು. ಆ ಹಾಡೇ ಇದು. ಎರಡನೇ ಚರಣ ಮುಗಿದು ಪಲ್ಲವಿ ಶುರುವಾಗುವ ಮುಂಚೆ ಒಂಟಿ ಕೊಳಲು ಬರುತ್ತದೆ, ಅದು ನನ್ನದು ಎಂದು ಅವರು ಹೇಳುತ್ತಿದ್ದರು. ಪದೇ ಪದೇ ಹೇಳುವ ಸ್ವಭಾವದವರೇನಲ್ಲ. ಬೇಳೆ ಕಟ್ಟುವಾಗ ಯಾರಾದರೂ ಆ ಹಾಡು ಗುನುಗಿದರೆ ಮಾತ್ರ, “ಅದಕ್ಕೆ ನಾನೇ ಕೊಳಲು ನುಡಿಸಿದ್ದು” ಎಂದು ತಕ್ಕಡಿಯ ಕಡೆ ನೋಡಿಕೊಂಡು ಹೇಳುತ್ತಿದ್ದರು.

ಪಕ್ಕದ ಕ್ಷೌರದಂಗಡಿಯವನು ಒಂದು ದಿನ ಇದನ್ನು ಇತ್ಯರ್ಥ ಮಾಡಲು ಹೊರಟ. ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವರನ್ನು ಕರೆದು, ಸ್ಪೀಕರಿಗೆ ಫೋನು ಸಿಕ್ಕಿಸಿ ಹಾಡು ಹಾಕಿದ.

“ಬಾ ಕೊಳಲಣ್ಣ, ಎಲ್ಲಿ ನುಡಿಸಿದೀಯ ತೋರ್ಸು.”

ಅಂಗಡಿಯವರು ಬೆರಳೆತ್ತಿ ನಿಂತರು. ಎರಡನೇ ಚರಣ ಬಂತು. “ಈಗ,” ಎಂದರು. “ಇರಿ, ಈಗ...”

ಚರಣ ಮುಗಿಯಿತು. ಗಾಯಕ ಉಸಿರೂ ತೆಗೆದುಕೊಳ್ಳದೆ ಪಲ್ಲವಿಗೆ ಹಾರಿದ. ಬೆರಳು ಗಾಳಿಯಲ್ಲೇ ಉಳಿಯಿತು.

“ಬಹಳ ಮೆಲ್ಲಗೆ ಊದಿದೀಯ ಬಿಡಣ್ಣ,” ಎಂದ ಕ್ಷೌರದವನು. ಮುಖಕ್ಕೆ ನೊರೆ ಹಚ್ಚಿಕೊಂಡಿದ್ದ ಗಿರಾಕಿಗಳೂ ನಕ್ಕರು.

ಅವರ ಹತ್ತಿರ ಇದ್ದ ಕ್ಯಾಸೆಟ್ಟಿನ ಟೇಪು ಎಂದೋ ಹಾಳಾಗಿತ್ತು. ಖಾಲಿ ಡಬ್ಬಿ ಉಳಿದಿತ್ತು. ಅದರ ಮೇಲೆ ಗಾಯಕನ ಹೆಸರು, ಸಂಗೀತ ಕೊಟ್ಟವರ ಹೆಸರು, ಆಮೇಲೆ ‘ಮತ್ತು ವಾದ್ಯವೃಂದ’. ಅದನ್ನು ತಂದು ತೋರಿಸಿದರು. “ವಾದ್ಯವೃಂದ ಅನ್ನೋದು ನಿನ್ನ ಹೆಸರಾ?” ಎಂದು ಕ್ಷೌರದವನು ಕೇಳಿದ.

ಊರು ಒಂದು ಸುಳ್ಳನ್ನು ಅಲ್ಲಿಗೇ ಬಿಡುವುದಿಲ್ಲ. ಕೊಳಲಿನ ವಿಷಯದಲ್ಲಿ ಸುಳ್ಳು ಹೇಳುವವನು ಸಕ್ಕರೆಯ ವಿಷಯದಲ್ಲಿ ನಿಜ ಹೇಳುತ್ತಾನೆಯೇ ಎಂಬ ಪ್ರಶ್ನೆ ಹುಟ್ಟಿತು. ಗಿರಾಕಿಗಳು, “ಇನ್ನೊಂದು ಸಲ ತೂಗಿ,” ಎನ್ನತೊಡಗಿದರು. ಕೆಲವರು ಮುಂದಿನ ಅಂಗಡಿಗೆ ಹೋದರು. ಹಿಂದಿನ ವರ್ಷ ನಮ್ಮ ಇನ್‌ಸ್ಪೆಕ್ಟರು ಅದೇ ತಕ್ಕಡಿಯನ್ನು ಪರೀಕ್ಷಿಸಿ, ಅದು ಕಿಲೋಗೆ ಮೂರು ಗ್ರಾಂ ಹೆಚ್ಚು ಕೊಡುತ್ತಿದೆಯೆಂದು ಕಂಡು, ಹೆಚ್ಚು ಕೊಡುವುದೂ ತಪ್ಪು ಅಳತೆಯೇ ಎಂದು ನೋಟಿಸು ಕೊಟ್ಟಿದ್ದರು. ಈಗ ಜನರಿಗೆ ನೋಟಿಸು ಬಂದದ್ದು ಮಾತ್ರ ನೆನಪಿತ್ತು; ಯಾಕೆ ಬಂದದ್ದೆಂದು ನೆನಪಿರಲಿಲ್ಲ.

ಅವರ ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಬಂದವಳು ಅಪ್ಪನ ಮುಖ ನೋಡಿ, ವಿಷಯ ಕೇಳಿ, ಹಾಡು ಮಾರುವ ಕಡೆಯೇ ಹೋಗಿ ಹಣ ಕೊಟ್ಟು ಆ ಹಾಡು ಕೊಂಡಳು. ಅಡುಗೆಮನೆಯಲ್ಲಿ ಅಪ್ಪ ಮಗಳು ಕೂತು ಕೇಳಿದರು. ಎರಡನೇ ಚರಣವಾದ ಮೇಲೆ ಕೊಳಲು ಬಂತು. ಅಂಗಡಿಯವರು ಚಪ್ಪಲಿಯನ್ನೂ ಮೆಟ್ಟದೆ ಫೋನು ಹಿಡಿದುಕೊಂಡು ಕ್ಷೌರದಂಗಡಿಗೆ ಹೋದರು.

ಕ್ಷೌರದವನು ಪೂರ್ತಿ ಕೇಳಿ, ಕತ್ತರಿಯನ್ನು ಬಟ್ಟೆಗೆ ಒರೆಸಿಕೊಂಡ. “ಮಗಳು ಓದಿರೋಳು ಕೊಳಲಣ್ಣ. ಕಂಪ್ಯೂಟರಿನಲ್ಲಿ ಈಗ ಏನು ಬೇಕಾದ್ರೂ ಸೇರಿಸ್ತಾರಂತೆ. ಊರಲ್ಲಿ ಎಲ್ಲರ ಹಾಡಲ್ಲೂ ಇಲ್ಲದ ಕೊಳಲು ನಿಮ್ಮ ಮನೆ ಹಾಡಲ್ಲಿ ಮಾತ್ರ ಹೇಗೆ ಬಂತು?”

ಎಲ್ಲರಲ್ಲೂ ಒಂದೇ ರೀತಿ ಇದ್ದದ್ದು ನಿಜವಾಗಿರಲೇಬೇಕು ಎಂಬುದು ಊರಿನ ನಂಬಿಕೆ. ಆದರೆ ನಲವತ್ತು ವರ್ಷ ದಿನಸಿ ಮಾರಿದವರಿಗೆ, ಅಳತೆಯಲ್ಲಿ ಕೊರತೆ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿತ್ತು. ಮರುದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ತುಂಬಿದ ದೂರಿನ ನಮೂನೆ.

ವಸ್ತುವಿನ ಹೆಸರು: ಹಾಡು. ಇರಬೇಕಾದ ಅಳತೆ: ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಇರುವ ಅಳತೆ: ನಾಲ್ಕು ನಿಮಿಷ ಎಂಟು ಸೆಕೆಂಡು. ಕೊರತೆ: ನಾಲ್ಕು ಸೆಕೆಂಡು. ಕೊರತೆಯಿಂದಾದ ನಷ್ಟ: ನಾನು ಸುಳ್ಳುಗಾರನಾಗಿದ್ದೇನೆ.

ನಮೂನೆಯಲ್ಲಿ ಒಂದು ಅಂಕಣವೂ ಖಾಲಿ ಇರಲಿಲ್ಲ. ನಾನು ನಂಬರು ಕೊಟ್ಟೆ. ನಂಬರು ಬಿದ್ದ ದೂರನ್ನು ಏಳು ದಿನದಲ್ಲಿ ವಿಲೇವಾರಿ ಮಾಡಬೇಕೆಂಬುದು ನಿಯಮ.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ಇನ್‌ಸ್ಪೆಕ್ಟರನ್ನೂ ನನ್ನನ್ನೂ ಕರೆಸಿದರು.

“ಇದನ್ನ ಯಾಕ್ರೀ ತಗೊಂಡ್ರಿ?” ಎಂದು ನನ್ನನ್ನು ಕೇಳಿದರು.

“ನಮೂನೆ ಸರಿಯಾಗಿತ್ತು ಸಾರ್.”

“ನಮೂನೆ ಸರಿಯಾಗಿದ್ರೆ ನಾಳೆ ಯಾರೋ ಬಂದು ಭಾಷಣ ಉದ್ದ ಆಯ್ತು ಅಂತ ದೂರು ಕೊಡ್ತಾನೆ. ತಿರಸ್ಕರಿಸಿ.”

ಇಷ್ಟರಲ್ಲಿ ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. “ಸಾರ್, ಕಾಲವೂ ಅಳತೆಯೇ. ಇಷ್ಟು ನಿಮಿಷ ಅಂತ ಹೇಳಿ ಅಷ್ಟು ಕೊಡದೇ ಇದ್ರೆ ಅದು ಕೊರತೆಯೇ. ನನ್ನ ಫೋನಿನಲ್ಲೂ ನೋಡಿದೆ. ನಾಲ್ಕು ನಿಮಿಷ ಎಂಟು ಸೆಕೆಂಡು. ನನಗೂ ಮೋಸ ಆಗಿದೆ ಸಾರ್. ಯಾರೋ ಒಬ್ಬ ಊರಿಗೆಲ್ಲ ಕೊರತೆ ಹಾಡು ಹಂಚಿದಾನೆ. ಅವನನ್ನ ಹಿಡೀದೆ ನಾನು ಬಿಡಲ್ಲ.”

“ಹಿಡಿದು ಏನು ಮಾಡ್ತೀರಿ?”

“ಊರಿನ ಎದುರು ನಿಲ್ಲಿಸ್ತೀನಿ.”

ಅದನ್ನು ಬರವಣಿಗೆಯಲ್ಲೂ ಕೊಟ್ಟರು. ಮೋಸಹೋದವರ ಪಟ್ಟಿಯಲ್ಲಿ ತಮ್ಮ ಹೆಸರನ್ನೇ ಮೊದಲು ಬರೆದುಕೊಂಡು, ಹೇಳಿಕೆಗಳನ್ನು ಬರೆದುಕೊಳ್ಳಲು ನನ್ನನ್ನೂ ಜೊತೆಗೆ ಕರೆದುಕೊಂಡು, ಇಲಾಖೆಯ ಸ್ಟಾಪ್‌ವಾಚನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟರು.

ಕ್ಷೌರದವನ ಹಾಡು ನಾಲ್ಕು ನಿಮಿಷ ಎಂಟು ಸೆಕೆಂಡು. “ನನಗೆ ಅಂಚೆಯವರು ಕೊಟ್ಟಿದ್ದು,” ಎಂದು ಹೇಳಿಕೆ ಕೊಟ್ಟ. “ಆದ್ರೆ ಸಾರ್, ಕೊಳಲಣ್ಣನ ಮಾತು ಕಟ್ಕೊಂಡು ಸರ್ಕಾರ ಬೀದಿಗೆ ಬಂತಾ?”

“ಸರ್ಕಾರ ಯಾರ ಮಾತೂ ಕಟ್ಕೊಳ್ಳಲ್ಲ. ಅಳೆಯುತ್ತೆ ಅಷ್ಟೆ,” ಎಂದರು ಇನ್‌ಸ್ಪೆಕ್ಟರು.

ಅಂಚೆಯವರನ್ನು ಅಂಚೆ ಕಚೇರಿಯ ಹಿಂಬದಿಯಲ್ಲಿ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ಹಿಡಿದೆವು. ಅವರದೂ ನಾಲ್ಕು ನಿಮಿಷ ಎಂಟು ಸೆಕೆಂಡು. ಅವರಿಗೆ ಹಲ್ಲಿನ ಡಾಕ್ಟರಮ್ಮ ಕೊಟ್ಟಿದ್ದರಂತೆ. ಇನ್‌ಸ್ಪೆಕ್ಟರ ಮುಖದಲ್ಲಿ ಕಳೆ ಬಂತು. ಅಪರಾಧಿ ಓದಿದವನು, ಮೇಲಿನವನು, ಬಹಳ ದೊಡ್ಡ ಜಾಲ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದರು.

ಹಲ್ಲಿನ ಡಾಕ್ಟರು ಒಬ್ಬ ಮುದುಕರ ಬಾಯೊಳಗೆ ಕೈ ಇಟ್ಟುಕೊಂಡೇ ಮಾತಾಡಿದರು. ಕೋಣೆಯಲ್ಲಿ ಅದೇ ಹಾಡು ನಡೆಯುತ್ತಿತ್ತು. ಇನ್‌ಸ್ಪೆಕ್ಟರು ಅದು ಮುಗಿಯುವವರೆಗೆ ಸ್ಟಾಪ್‌ವಾಚು ಹಿಡಿದು ನಿಂತಿದ್ದರಿಂದ ಮುದುಕರೂ ಬಾಯಿ ತೆರೆದೇ ಇರಬೇಕಾಯಿತು.

“ಒಬ್ಬರು ಹೆಂಗಸು ಹಲ್ಲಿನ ಸೆಟ್ಟು ಮಾಡಿಸಿಕೊಳ್ಳೋಕೆ ಬಂದಿದ್ರು,” ಎಂದರು ಡಾಕ್ಟರು. “ನಿನ್ನ ಯಂತ್ರದ ಸದ್ದಿಗೆ ನನ್ನ ತಲೆ ಸಿಡಿಯುತ್ತೆ, ಇದನ್ನ ಹಾಕಮ್ಮ ಅಂತ ಪೆನ್‌ಡ್ರೈವ್ ಕೊಟ್ರು. ವಾಪಸ್ ಕೇಳಲೂ ಇಲ್ಲ. ವಿಳಾಸ ಪುಸ್ತಕದಲ್ಲಿದೆ, ಬರ್ಕೊಳ್ಳಿ.”

ಇನ್‌ಸ್ಪೆಕ್ಟರು ಮನೆ ನಂಬರು ಬರೆದುಕೊಂಡರು, ರಸ್ತೆ ಬರೆದುಕೊಂಡರು, ಕೆಳಗೆ ಗೆರೆ ಎಳೆದರು. “ಈ ರಸ್ತೆ ನನಗೆ ಗೊತ್ತಿರೋದೇ,” ಎಂದರು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಚೀಟಿಯನ್ನು ಇನ್ನೊಮ್ಮೆ ಓದಿದರು. ಅವರು ಆ ಮನೆಯಲ್ಲಿ ಹದಿನಾರು ವರ್ಷದಿಂದ ವಾಸವಾಗಿದ್ದರು.

ಅವರ ಅತ್ತೆ ವರಾಂಡದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಕೊರಳಲ್ಲಿ ಸ್ಟಾಪ್‌ವಾಚು, ಹಿಂದೆ ಕಾಗದ ಹಿಡಿದ ಗುಮಾಸ್ತ. ಅಳಿಯನನ್ನು ಈ ಸ್ಥಿತಿಯಲ್ಲಿ ನೋಡಿ ಅವರಿಗೇನೂ ಗಾಬರಿಯಾಗಲಿಲ್ಲ.

“ಏನು ಅಳಿಯಂದ್ರೇ, ಓಟದ ಪಂದ್ಯವಾ?”

“ಅತ್ತೆ, ಇದು ಅಧಿಕೃತ ವಿಚಾರಣೆ. ಹಲ್ಲಿನ ಡಾಕ್ಟರಿಗೆ ಪೆನ್‌ಡ್ರೈವ್ ಕೊಟ್ಟಿದ್ದು ನೀವಾ?”

“ಹೌದು.”

“ನಿಮಗೆ ಅದನ್ನ ಕೊಟ್ಟೋರು ಯಾರು?”

“ನೀವು.”

“ಪೂರ್ತಿ ಹೇಳಿ. ಇವರು ಬರ್ಕೋಬೇಕು.”

“ನನ್ನ ಮಗಳ ಗಂಡ. ಗಿಡ್ಡಕ್ಕಿದಾರೆ. ಕೊರಳಿಗೆ ಗಡಿಯಾರ ಹಾಕ್ಕೊಂಡಿದಾರೆ. ಬರ್ಕೊಳ್ಳಪ್ಪ.”

ನಾನು ಬರೆದುಕೊಂಡೆ. ಇನ್‌ಸ್ಪೆಕ್ಟರು ಇನ್ನೂ ಸೋಲೊಪ್ಪಲಿಲ್ಲ. ನನಗೆ ಬಂದಾಗಲೇ ಕೊರತೆ ಇತ್ತು, ನನ್ನ ಹಿಂದೆ ಇನ್ನೊಬ್ಬ ಇದ್ದಾನೆ ಎಂದು ವಾದಿಸುತ್ತಿದ್ದಾಗ ಅವರ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

“ಅದೇ ಹಾಡು ಅಲ್ವೇನ್ರೀ, ನಡುವೆ ಯಾವಳೋ ಮಾತಾಡ್ತಾಳೆ ಅಂತ ಎರಡು ಭಾನುವಾರ ಕೂತು ಕತ್ತರಿಸಿದ್ದು? ಬಲ್ಬ್ ಬದಲಾಯಿಸಿ ಅಂತ ಎರಡು ವಾರ ಬೇಡ್ಕೊಂಡಿದೀನಿ, ನನಗೆ ಮರೆಯುತ್ತಾ?”

“ಅದು ಕಲ್ಲು ಕಣೇ. ನಾನು ತೆಗೆದಿದ್ದು ಕಲ್ಲು.”

“ಅವಳು ಮಾತಾಡೋವಾಗ ಹಿಂದೆ ಏನು ನಡೀತಿತ್ತು?”

ಇನ್‌ಸ್ಪೆಕ್ಟರು ಬಾಯಿ ತೆರೆದರು. ಎರಡು ಭಾನುವಾರ, ನೂರಾರು ಸಲ ಹಿಂದೆ ಮುಂದೆ ಮಾಡಿ ಕೇಳಿದ್ದ ಆ ತುಣುಕು ಅವರಿಗೆ ಈಗ ಕೇಳಿಸಿರಬೇಕು. ಬಟಾಣಿಯ ಮೊರದ ಪಕ್ಕದಲ್ಲೇ ಕೂತುಬಿಟ್ಟರು.

“ಏನೋ ಊದ್ತಿದ್ರು,” ಎಂದರು.

ಅತ್ತೆ ಇನ್ನೊಂದು ಬಟಾಣಿ ಸುಲಿದು ಮೊರಕ್ಕೆ ಹಾಕಿದರು. “ಆ ಮನುಷ್ಯನ ಅಂಗಡೀಲಿ ನಾನು ಸಕ್ಕರೆನ ಎರಡೆರಡು ಸಲ ತೂಗಿಸ್ತಿದ್ದೆ,” ಎಂದರು. “ಒಂದು ಮಾತು ಆಡ್ದೆ ತೂಗೋನು.”

ಮರುದಿನ ಸಾಹೇಬರ ಕೋಣೆಯಲ್ಲಿ ಇನ್‌ಸ್ಪೆಕ್ಟರು, “ಆರೋಪಿ ಸಿಕ್ಕಿದಾನೆ ಸಾರ್,” ಎಂದರು.

“ಯಾರು?”

“ನಾನು.”

ಸಾಹೇಬರು ಎದ್ದು ಬಾಗಿಲು ಹಾಕಿ ಬಂದರು. “ನೋಡಿ, ತನಿಖಾಧಿಕಾರಿ ನೀವು. ಮೋಸಹೋದವರ ಪಟ್ಟಿಯಲ್ಲಿ ಮೊದಲನೆಯವರೂ ನೀವು. ಈಗ ಆರೋಪಿಯೂ ನೀವೇ ಅಂತೀರಿ. ಇಷ್ಟು ಹುದ್ದೆ ಒಬ್ಬರಿಗೇ ಕೊಡೋ ಅಧಿಕಾರ ನನಗಿಲ್ಲ. ಹಾಡು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಬರೆದು ಮುಚ್ಚಿ. ಯಾರಿಗೂ ತಿಳಿಯಲ್ಲ. ಅಂದ ಹಾಗೆ, ನನ್ನ ಕಾರಿನಲ್ಲಿರೋದು?”

“ಅದೂ ಕೊರತೆಯೇ ಸಾರ್.”

“ನಾನು ಅದನ್ನ ಹೆಂಡತಿಯ ತಮ್ಮನಿಗೂ ಕೊಟ್ಟೆನಲ್ರೀ,” ಎಂದು ಸಾಹೇಬರು ಕೂತರು.

ಫೈಲು ಮುಚ್ಚಬಹುದಿತ್ತು. ಮುಚ್ಚಿದ್ದರೆ ನಮ್ಮ ಇನ್‌ಸ್ಪೆಕ್ಟರು ಇಪ್ಪತ್ತೆರಡು ವರ್ಷ ಸಂಪಾದಿಸಿದ ಹೆಸರು ಹಾಗೇ ಉಳಿಯುತ್ತಿತ್ತು. ಅವರು ಮುಚ್ಚಲಿಲ್ಲ. ಆದರೆ ಅವರಿಗೆ ಹೊಳೆದ ಪರಿಹಾರ ಅವರ ತಲೆಗೆ ತಕ್ಕುದಾಗಿಯೇ ಇತ್ತು. ಪೂರ್ತಿ ಹಾಡನ್ನು ಹಣ ಕೊಟ್ಟು ಕೊಂಡರು. ಅರವತ್ಮೂರು ಮಂದಿಯ ಪಟ್ಟಿ ಮಾಡಿದರು. ಎಲ್ಲರಿಗೂ ಒಮ್ಮೆಲೇ ಕಳಿಸಿಬಿಟ್ಟರೆ ಊರಿನ ಕೊರತೆ ನೀಗುತ್ತದೆಂದು, ಕಳಿಸುವ ಮುಂಚೆ ದೂರುದಾರರಿಗೆ ತಿಳಿಸಲು ದಿನಸಿ ಅಂಗಡಿಗೆ ಬಂದರು. ಅಲ್ಲಿ ಮಗಳು ಇದ್ದಳು. ಅಂಗಡಿಯವರು ಒಳಗೆ ಗೋಣಿಚೀಲ ಹೊಲಿಯುತ್ತಿದ್ದರು.

ಇನ್‌ಸ್ಪೆಕ್ಟರು ನಡೆದದ್ದನ್ನೆಲ್ಲ ಬಿಡದೆ ಹೇಳಿದರು. ಕೊನೆಗೆ ಫೋನು ತೋರಿಸಿ, “ಈಗ ಇದನ್ನ ಎಲ್ಲರಿಗೂ ಹಂಚ್ತೀನಿ. ಈ ಸಲ ಅಳತೆ ಸರಿಯಾಗಿದೆ,” ಎಂದರು.

“ಪುಕ್ಕಟೆ?” ಎಂದಳು ಮಗಳು.

“ಪೂರ್ತಿ ಪುಕ್ಕಟೆ.”

“ಕದ್ದ ಸಕ್ಕರೆನ ಸರಿಯಾಗಿ ತೂಗಿ ಕೊಟ್ರೆ ನಿಮ್ಮ ಇಲಾಖೇಲಿ ಏನಂತಾರೆ ಸಾರ್?”

ಇನ್‌ಸ್ಪೆಕ್ಟರು ತಮ್ಮ ಎರಡು ತಟ್ಟೆಯ ಸಿದ್ಧಾಂತವನ್ನು ಅವಳ ಮುಂದಿಟ್ಟರು. ಫೋನನ್ನು ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿದ್ದನ್ನೂ, ಯಾರಿಗೂ ಏನೂ ಕಡಿಮೆಯಾಗದ್ದನ್ನೂ ಹೇಳಿದರು. ನನ್ನನ್ನು ಸಾಕ್ಷಿ ಎಂದು ತೋರಿಸಿದರು. ನಾನು ಬೆಲ್ಲದ ಡಬ್ಬಿಯ ಕಡೆ ನೋಡಿದೆ.

“ಫೋನು ತೂಗಿದ್ರೆ ಏನು ಗೊತ್ತಾಗುತ್ತೆ ಸಾರ್,” ಎಂದಳು ಅವಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು. “ನಮ್ಮಪ್ಪನ್ನ ತೂಗಿ. ನಾನು ಹೋದ ಸಲ ಬಂದಾಗ ಐವತ್ತೆಂಟು ಕಿಲೋ ಇದ್ರು. ಮೊನ್ನೆ ನೋಡಿದೆ, ಐವತ್ತೊಂದು.”

ಇನ್‌ಸ್ಪೆಕ್ಟರು ಅಂಗಡಿಯ ದೊಡ್ಡ ತಕ್ಕಡಿಯ ಕಡೆ ನೋಡಿದರು. ನಿಜವಾಗಿಯೂ ತೂಗಿಬಿಡುತ್ತಾರೆಂದು ನನಗೆ ಭಯವಾಯಿತು. ಅವರು ಮಾತ್ರ ಫೋನನ್ನು ಜೇಬಿಗೆ ಹಾಕಿಕೊಂಡರು.

ಒಳಗಿನಿಂದ ಅಂಗಡಿಯವರು ಗೋಣಿಸೂಜಿ ಹಿಡಿದುಕೊಂಡೇ ಬಂದರು. “ನನಗೆ ಯಾರನ್ನೂ ಶಿಕ್ಷಿಸೋದು ಬೇಡ ಸ್ವಾಮಿ. ಮಗಳು ಹಾಕಿ ಕೇಳಿಸೋವರೆಗೂ ನನಗೇ ಅನುಮಾನ ಬಂದುಬಿಟ್ಟಿತ್ತು, ಆವತ್ತು ನುಡಿಸಿದೆನೋ, ಬಾಗಿಲಲ್ಲಿ ಕಾದು ವಾಪಸ್ ಬಂದೆನೋ ಅಂತ. ಅದು ಇತ್ತು, ನಾನು ತೆಗೆದೆ ಅಂತ ನೀವು ಒಂದು ಮಾತು ಹೇಳಿ. ಸಾಕು.”

“ಯಾರಿಗೆ ಹೇಳ್ಲಿ?”

ಅಂಗಡಿಯವರು ಗೋಡೆಯ ಕಡೆ ತಲೆ ಆಡಿಸಿದರು. ಗೋಡೆಯ ಆಚೆ ಕ್ಷೌರದವನ ಕತ್ತರಿ ಸದ್ದು ಮಾಡುತ್ತಿತ್ತು.

ಸರಕಿನ ಪರೀಕ್ಷೆಯನ್ನು ಸಾಕ್ಷಿಗಳ ಎದುರಿಗೇ ನಡೆಸಬೇಕೆಂಬ ನಿಯಮ ನಮ್ಮಲ್ಲಿದೆ. ಏಳನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ದಿನಸಿ ಅಂಗಡಿಯ ಮುಂದೆ ಸಾಕ್ಷಿಗಳು ಸೇರಿದರು: ಕ್ಷೌರದವನು, ಅಂಚೆಯವರು, ಹಲ್ಲಿನ ಡಾಕ್ಟರು, ಮನೆಯಿಂದಲೇ ಮಡಿಸುವ ಕುರ್ಚಿ ತರಿಸಿಕೊಂಡು ಕೂತ ಅತ್ತೆ. ಸಾಕ್ಷಿಗಳಲ್ಲದವರೂ ಮೂವತ್ತು ಮಂದಿ ಇದ್ದರು. ಸಾಹೇಬರು ಕಾರನ್ನು ದೂರ ನಿಲ್ಲಿಸಿ, ಒಳಗೇ ಕೂತು, ಕಿಟಕಿ ಇಳಿಸಿಕೊಂಡಿದ್ದರು.

ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಾಗದ ಬಿಡಿಸಿ, ನೋಟಿಸು ಓದುವ ದನಿಯಲ್ಲೇ ಓದಿದರು. ಹಾಡನ್ನು ಹಣ ಕೊಡದೆ ತೆಗೆದುಕೊಂಡವನು ನಾನು. ಅದರಲ್ಲಿದ್ದ ಜಾಹೀರಾತನ್ನು ಕತ್ತರಿಸುವಾಗ ಅದರ ಕೆಳಗಿದ್ದ ಕೊಳಲನ್ನೂ ಕತ್ತರಿಸಿದವನು ನಾನು. ಹಾಗೆ ಕತ್ತರಿಸಿದ ಪ್ರತಿಗೆ ‘ಶುದ್ಧ’ ಎಂದು ಚೀಟಿ ಅಂಟಿಸಿ ಅರವತ್ಮೂರು ಮಂದಿಗೆ ಕೊಟ್ಟವನೂ ನಾನೇ. ದೂರುದಾರರು ಹೇಳುತ್ತಾ ಬಂದದ್ದು ಅಕ್ಷರಶಃ ನಿಜ.

ಆಮೇಲೆ ಕ್ಷೌರದವನು, “ಅಂದ್ರೆ, ಗುಲಗಂಜಿ...” ಎಂದು ಶುರು ಮಾಡಿ, ಎದುರಿಗೆ ಅಂದುಬಿಟ್ಟೆನೆಂದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡ.

“ಬರ್ಕೊಳ್ಳಿ,” ಎಂದರು ಇನ್‌ಸ್ಪೆಕ್ಟರು ನನಗೆ. “ಅದೂ ಹೇಳಿಕೆಯೇ.”

“ಆ ಒಂದು ಹಾಡು ಸರಿ ಅಳಿಯಂದ್ರೇ,” ಎಂದರು ಅತ್ತೆ ಕುರ್ಚಿಯಿಂದ. “ಉಳಿದ ಸಾವಿರದ ಮುನ್ನೂರ ತೊಂಬತ್ತೊಂಬತ್ತು? ಅದರಲ್ಲಿ ಯಾರ್‍ಯಾರ ಮನೆಯೋರನ್ನ ಕತ್ತರಿಸಿದೀರೋ.”

ಇದು ಓದಿದ ಕಾಗದದಲ್ಲಿ ಇರಲಿಲ್ಲ. ಇನ್‌ಸ್ಪೆಕ್ಟರು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದರು. ನನ್ನ ನಲವತ್ತು ಹಾಡುಗಳ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನೂ ಎತ್ತಲಿಲ್ಲ.

“ಅಳಿಸ್ತೀನಿ ಅತ್ತೆ. ಬೇಕಾದ್ದನ್ನ ಒಂದೊಂದಾಗಿ ಕೊಂಡ್ಕೊಳ್ತೀನಿ.”

“ಹಾಗಾದ್ರೆ ಬಲ್ಬ್ ಈ ಜನ್ಮದಲ್ಲಿ ಆಗಲ್ಲ,” ಎಂದರು ಅವರ ಹೆಂಡತಿ, ಹಿಂದಿನಿಂದ.

ಪರೀಕ್ಷೆ ನಡೆಯಿತು. ಮಗಳು ತನ್ನ ಫೋನನ್ನು ಕ್ಷೌರದವನ ಸ್ಪೀಕರಿಗೇ ಸಿಕ್ಕಿಸಿದಳು. ಅಂಗಡಿಯವರು ಈ ಸಲ ಬೆರಳೆತ್ತಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತಾ ನಿಂತರು. ಎರಡನೇ ಚರಣ ಮುಗಿಯಿತು. ಕೊಳಲು ಬಂತು. ಮಹಡಿಯಿಂದ ಇಳಿದು ಬರುತ್ತಿದ್ದವರು ಕೊನೆಯ ಮೆಟ್ಟಿಲಲ್ಲಿ ಏನೋ ನೆನಪಾಗಿ ನಿಂತಂಥ ನಾಲ್ಕು ಸೆಕೆಂಡು. ಆಮೇಲೆ ಪಲ್ಲವಿ.

ಹಾಡು ಮುಗಿದ ಮೇಲೆ ಎಲ್ಲರೂ ಕ್ಷೌರದವನ ಕಡೆ ನೋಡಿದರು. ಅವನು ಕ್ಷಮೆ ಕೇಳುತ್ತಾನೆಂದುಕೊಂಡೆವು. ಅವನೋ, ಹುಬ್ಬು ಗಂಟಿಕ್ಕಿ ಇನ್ನೂ ಸ್ಪೀಕರಿನ ಕಡೆಯೇ ನೋಡುತ್ತಿದ್ದ.

“ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ ಅಣ್ಣ,” ಎಂದ. “ನೀನು ನುಡಿಸಿದೀಯ, ಅದು ನಿಜ. ಆದ್ರೆ ಕೊಳಲಿಲ್ದಿದ್ರೇನೇ ಹಾಡು ಚೆನ್ನಾಗಿತ್ತು. ಕೊನೇಲಿ ಶ್ರುತಿ ಇಳಿದಿದೆ.”

ಮಗಳ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರು ಕಾಗದ ಮಡಿಸುವುದನ್ನು ನಿಲ್ಲಿಸಿದರು. ಅಂಗಡಿಯವರು ತಲೆ ಎತ್ತಿದರು.

“ಎಲ್ಲಿ ಇಳಿದಿದೆ?”

“ಕೊನೇ ಎರಡು ಸ್ವರ.”

“ಎರಡಲ್ಲ, ಒಂದು,” ಎಂದರು ಅಂಗಡಿಯವರು. “ಕೊನೇದು ಒಂದೇ. ಇಳಿದಿದೆ, ನನಗೂ ಗೊತ್ತು. ಆವತ್ತು ನೆಗಡಿ ನನಗೆ. ಇನ್ನೊಂದು ಸಲ ತಗೊಳ್ಳಿ ಅಂತ ಕಾಲು ಹಿಡ್ಕೊಂಡೆ, ಸಮಯ ಇಲ್ಲ ಅಂದ್ರು.”

“ನೆಗಡಿ ಅಲ್ಲ ಬಿಡು. ಉಸಿರು ಸಾಲಲಿಲ್ಲ.”

“ನನಗಾ? ಉಸಿರು?” ಅಂಗಡಿಯವರು ಎರಡು ಹೆಜ್ಜೆ ಮುಂದೆ ಬಂದರು. “ಏನಯ್ಯಾ ಗೊತ್ತು ನಿನಗೆ ಉಸಿರಿನ ವಿಷಯ? ಅಲ್ಲಿ ಉಸಿರು ತಗೊಳ್ಳೋಕೆ ಜಾಗವೇ ಇಟ್ಟಿರಲಿಲ್ಲ. ಮೊದಲಿಂದ ಹಾಕು, ತೋರಿಸ್ತೀನಿ.”

“ನನಗೆ ಚೆನ್ನಾಗೇ ಕೇಳಿಸ್ತಪ್ಪ,” ಎಂದರು ಅಂಚೆಯವರು, ಸಮಾಧಾನ ಮಾಡಲು.

“ನೀವು ಸುಮ್ನಿರಿ ಸ್ವಾಮಿ,” ಎಂದರು ಅಂಗಡಿಯವರು. “ಅವನಿಗೆ ಕಿವಿ ಇದೆ.”

ಹಾಡು ಮತ್ತೆ ಶುರುವಾಯಿತು. ನಮೂನೆಯಲ್ಲಿ ನನಗೆ ಇನ್ನೊಂದು ಅಂಕಣ ತುಂಬುವುದಿತ್ತು: ದೂರುದಾರರು ತೃಪ್ತರೇ? ಎರಡು ಸಲ ಕೇಳಿದೆ, ಅವರಿಗೆ ಕೇಳಿಸಲಿಲ್ಲ. ಮೂರನೇ ಸಲ ಹತ್ತಿರ ಹೋಗಿ ಕೇಳಿದ್ದಕ್ಕೆ, ಕ್ಷೌರದವನಿಗೆ ಸ್ಟೂಲು ಎಳೆದುಕೊಡುತ್ತಾ ನನ್ನ ಮೇಲೆ ರೇಗಿದರು.

“ತೃಪ್ತಿ ಎಲ್ಲಿಂದ ಬರುತ್ತೆ ಮಾರಾಯರೇ? ಉಸಿರು ಸಾಲಲಿಲ್ಲ ಅಂತಿದಾನಲ್ಲ ಇವನು.”

‘ಇಲ್ಲ’ ಎಂದು ಬರೆದುಕೊಂಡೆ. ಇನ್‌ಸ್ಪೆಕ್ಟರು ಅದನ್ನು ಎರಡು ಸಲ ಓದಿ, ಸರಿಯಾಗಿದೆ ಎಂದು ಸಹಿ ಹಾಕಿದರು.